ಮೂರನೇ ಮಹಡಿಯ ದೊಡ್ಡಮ್ಮ

...ಅಲ್ಲ, ಅಲ್ಲ. ಆಂಟಿ ಅನ್ನಬಾರದು. ಆಂಟಿ ಅಂದ್ರೆ ಕೆಲಸ ಕೆಟ್ಟಿತು. ದೊಡ್ಡಮ್ಮ. ಬಾಯ್ತುಂಬ ಅನ್ನು ನೋಡೋಣ... ಹಾಂ, ಹಾಗೆ. ಇನ್ನೂ ಸ್ವಲ್ಪ ಸಲಿಗೆ ಇರಲಿ. ಆಫೀಸಲ್ಲಿ ಮೇಡಂ ಅಂದ ಹಾಗೆ ಅನ್ನಬೇಡ.

ಬ್ಯಾಗು ಅಲ್ಲಿಡು, ಕೂತ್ಕೋ. ನೀನು ಅಂತೀನಿ, ಬೇಜಾರಿಲ್ಲ ತಾನೆ? ತಂಗಿ ಮಗಳಿಗೆ ಯಾರಾದ್ರೂ ನೀವು ಅಂತಾರಾ? ಈ ಮನೆಯಲ್ಲಿ ಎರಡು ದಿನ ನೀನು ನನ್ನ ತಂಗಿ ಮಗಳು. ನಾನು ನಿನ್ನ ದೊಡ್ಡಮ್ಮ. ಯಾಕೆ ಅಂತ ಹೇಳ್ತೀನಿ ಕೇಳು.

ಈ ಕಟ್ಟಡದಲ್ಲಿ ಹೊರಗಿನವರಿಗೆ ದಿನದ ಬಾಡಿಗೆಗೆ ರೂಮು ಕೊಡೋ ಹಾಗಿಲ್ಲ. ಲಿಫ್ಟಿನ ಪಕ್ಕ ಬೋರ್ಡು ನೋಡಿದ್ಯಲ್ಲ? ಆದ್ರೆ ನೆಂಟರು ಬಂದು ಇದ್ದು ಹೋಗಬಹುದು. ನೆಂಟರು ಬರಬಾರದು ಅಂತ ಯಾರು ಬೋರ್ಡು ಹಾಕ್ತಾರೆ? ಅದಕ್ಕೇ ಆ್ಯಪ್‌ನಲ್ಲಿ ನನ್ನ ರೂಮು ಬುಕ್ ಮಾಡಿದವರೆಲ್ಲ ನನಗೆ ನೆಂಟರು. ನಾಲ್ಕು ವರ್ಷದಿಂದ ಹೀಗೇ ನಡ್ಕೊಂಡು ಬಂದಿದೆ.

ನಗು ಬರಲಿಲ್ವಾ? ಎಲ್ಲರೂ ಈ ಮಾತಿಗೆ ನಗ್ತಾರೆ. ಇರಲಿ, ಪ್ರಯಾಣದ ಸುಸ್ತು.

ಮಾಮೂಲಿ ಆಗಿದ್ರೆ ಇಷ್ಟು ಪಾಠ ಸಾಕಿತ್ತು. ಇವತ್ತು ಸಾಲದು. ಇನ್ನರ್ಧ ಗಂಟೆಗೆ ಸೆಕ್ರೆಟರಿ ಬರ್ತಾನೆ. ಕಟ್ಟಡದ ಸಂಘದ ಸೆಕ್ರೆಟರಿ, ರಿಟೈರ್ ಆದ ಮೇಷ್ಟ್ರು. ಯಾರಿಗಾದ್ರೂ ನಾಲ್ಕು ಪ್ರಶ್ನೆ ಕೇಳದೆ ಇದ್ರೆ ಆಸಾಮಿಗೆ ತಿಂದಿದ್ದು ಅರಗಲ್ಲ. ಇವತ್ತು ನಿನ್ನನ್ನೇ ಎದುರಿಗೆ ಕೂರಿಸಿಕೊಂಡು ಕೇಳ್ತಾನಂತೆ. ನೀನು ಒಂದು ಉತ್ತರ ತಪ್ಪಿದ್ರೆ ನನ್ನ ರೂಮಿಗೆ ಬೀಗ. ಸುಮ್ಮನೆ ಹೆದರಿಸ್ತಿಲ್ಲ, ಬರೆದು ಕಳಿಸಿದ್ದಾನೆ.

ಯಾಕೆ ಅನುಮಾನ ಬಂತು ಅಂತೀಯಾ? ತಪ್ಪು ನಂದೇ. ಹೋದ ವಾರ ಹೊಸದಾಗಿ ಮದುವೆ ಆದ ಜೋಡಿ ಬಂದಿತ್ತು. ಗಂಡ ಬೆಳಿಗ್ಗೆ ಬಂದ. ನೀನು ನನ್ನ ತಂಗಿ ಮಗ ಅಂತ ಹೇಳಿಕೊಟ್ಟೆ. ಹೆಂಡತಿ ಸಂಜೆ ಬಸ್ಸಿಗೆ ಬಂದ್ಲು. ನೀನು ನನ್ನ ತಂಗಿ ಮಗಳು ಅಂತ ಅವಳಿಗೂ ಹೇಳಿಕೊಟ್ಟೆ. ಒಲೆ ಮೇಲೆ ಹಾಲಿಟ್ಟಿದ್ದೆ ಕಣಮ್ಮ, ತಲೆ ಓಡಲಿಲ್ಲ. ಇಬ್ಬರೂ ಸೆಕ್ರೆಟರಿ ಹೆಂಡತಿ ಹತ್ರ ಅವರವರ ಪಾಠ ಒಪ್ಪಿಸಿದ್ದಾರೆ. ಮಾರನೇ ದಿನ ಆಯಮ್ಮ ಲಿಫ್ಟಿನ ಬಾಗಿಲು ತೆಗೀತಾಳೆ, ಒಳಗೆ ಅಣ್ಣ ತಂಗಿ ಇಬ್ಬರೂ... ಬೇಡ ಬಿಡು, ನೀನು ಚಿಕ್ಕವಳು. ಆಯಮ್ಮ ಮೂರು ದಿನ ಮೆಟ್ಟಿಲು ಹತ್ತಿ ಇಳಿದ್ಲು.

ಅಬ್ಬ, ಕೊನೆಗೂ ನಕ್ಕೆ. ನಗು, ನಗು. ಆಮೇಲೆ ಅವನ ಎದುರಿಗೆ ನಗಬೇಡ.

ಇಷ್ಟೆಲ್ಲ ಯಾಕೆ, ರೂಮು ಮುಚ್ಚಿಬಿಡಬಾರದಾ ಅಂತ ಪಕ್ಕದ ಮನೆ ಟೈಲರಮ್ಮ ಕೇಳ್ತಾಳೆ. ಅವಳೊಬ್ಬಳಿಗೆ ಮಾತ್ರ ಗುಟ್ಟು ಗೊತ್ತು. ಯಾಕೆ ಮುಚ್ಚಲಿ? ನನ್ನ ರೂಮಿಗೆ ಎಷ್ಟು ಸ್ಟಾರು, ನೋಡೇ ಬಂದಿರ್ತೀಯ. ಸುಮ್ಮನೆ ಬಂತಾ? ಬಾತ್‌ರೂಮಿನ ಜಾಲರಿಯಲ್ಲಿ ಒಂದು ಕೂದಲು ಸಿಕ್ಕಿದ್ರೆ ಐದು ಸ್ಟಾರು ನಾಲ್ಕಾಗುತ್ತೆ. ಒಬ್ಬರು ಹೊರಟ ತಕ್ಷಣ ಮಂಡಿಯೂರಿ ಕೂತು ಟಾರ್ಚು ಬಿಟ್ಟು ನೋಡ್ತೀನಿ. ದಿಂಬಿನ ಕವರು ಇಸ್ತ್ರಿ ಮಾಡಿ, ಮೂಗಿಗೆ ಹಿಡಿದು ನೋಡಿ ಹಾಕ್ತೀನಿ. ಬಿಸಿನೀರಿನ ಸ್ವಿಚ್ಚು ಯಾವುದು ಅಂತ ಬಂದವರು ಕೇಳೋ ಮೊದಲೇ ಚೀಟಿ ಅಂಟಿಸಿದ್ದೀನಿ. ಒಬ್ಬ ಮಾತ್ರ ಬರೆದಿದ್ದ, ರೂಮು ಹೊಳೆಯುತ್ತೆ, ಹಾಸಿಗೆ ಮೆತ್ತಗಿದೆ, ಮನೆಯಮ್ಮ ಬಾಯಿ ಮುಚ್ಚಲ್ಲ ಅಂತ. ಒಂದು ಸ್ಟಾರು ಕಿತ್ಕೊಂಡ, ಪಾಪಿ.

ಸರಿ, ಪಾಠಕ್ಕೆ ಬಾ. ತಂಗಿ ಯಾರು ಅಂತೀಯಾ? ಅಯ್ಯೋ, ತಂಗಿಯೂ ಇಲ್ಲ, ಗಿಂಗಿಯೂ ಇಲ್ಲ. ನಾನೇ ಹುಟ್ಟಿಸಿಕೊಂಡಿದ್ದು. ಈ ಕಟ್ಟಡದ ಲೆಕ್ಕದಲ್ಲಿ ಅವಳಿಗೆ ಹನ್ನೊಂದು ಮಕ್ಕಳು, ನಾಲ್ಕು ಜನ ಅಳಿಯಂದಿರು. ಅದರಲ್ಲೊಬ್ಬ ಮಗನಿಗೆ ನನಗಿಂತ ಹೆಚ್ಚು ವಯಸ್ಸು. ಟೈರ್ ಕಂಪನಿಯವನು, ಬೋಳುತಲೆ. ಅವನು ದೊಡ್ಡಮ್ಮ ಅಂತ ಕೂಗಿಕೊಂಡು ಲಿಫ್ಟಿಂದ ಇಳಿದಾಗ ನನಗೇ ನಾಚಿಕೆ ಆಯ್ತು. ನಿಮ್ಮ ತಂಗಿಗೆ ದೇವರು ಎಷ್ಟು ಶಕ್ತಿ ಕೊಟ್ಟಿದ್ದಾನೆ ರೀ ಅಂತ ಸೆಕ್ರೆಟರಿ ಹೆಂಡತಿ ಕಣ್ಣಲ್ಲಿ ನೀರು ತಂದ್ಕೊಂಡಿದ್ಲು.

ಬರ್ಕೋಬೇಡ, ಮನಸ್ಸಲ್ಲಿಟ್ಕೋ. ನಿನ್ನ ಅಮ್ಮ ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಎಡಗೈಲಿ ಬರೀತಾಳೆ. ಮೂಗಿನ ತುದಿಯಲ್ಲೇ ಕೋಪ. ಹಾಲಿನ ಕೆನೆ ಕಂಡ್ರೆ ಓಡಿಹೋಗ್ತಾಳೆ. ಫ್ಯಾನು ಹಾಕಿದ್ರೆ ನಿದ್ದೆ ಬರಲ್ಲ, ಹಾಕದಿದ್ರೆ ಸೆಕೆ ಅಂತಾಳೆ. ಚಿಕ್ಕಂದಿನಲ್ಲಿ ನನ್ನ ಲಂಗದ ಚುಂಗು ಹಿಡ್ಕೊಂಡೇ ಮಲಗ್ತಿದ್ಲು... ಏನು ಹಾಗೆ ನೋಡ್ತೀಯ? ಸುಳ್ಳು ಹೇಳೋದಾದ್ರೆ ಗಟ್ಟಿಯಾಗಿ ಹೇಳಬೇಕು. ಅದಕ್ಕೇ ಇಷ್ಟೆಲ್ಲ ಜೋಡಿಸಿಟ್ಟಿದ್ದೀನಿ.

ಈಗ ನಾನು ಸೆಕ್ರೆಟರಿ ಅಂದ್ಕೋ. ಕನ್ನಡಕ ಹೀಗೆ ಕೆಳಗಿಳಿಸಿ ಕೇಳ್ತೀನಿ. ಏನಮ್ಮ, ನಿನ್ನ ತಾಯಿ ಯಾವ ಕೈಯಲ್ಲಿ ಬರೀತಾರೆ?... ಭೇಷ್. ಅಕ್ಕನಿಗೂ ಅವರಿಗೂ ಎಷ್ಟು ವರ್ಷ ಅಂತರ?... ಸರಿ. ಕೋಪಿಷ್ಠೆಯಂತೆ, ಹೌದಾ?... ಏನು? ಕೋಪ ಬಂದ್ರೆ ತೊಳೆದಿಟ್ಟ ಪಾತ್ರೆನೇ ಇನ್ನೊಂದು ಸಲ ತೊಳೀತಾಳಾ?

ಭಲೇ ಹುಡುಗಿ. ಅದು ನಾನು ಹೇಳಿಕೊಟ್ಟಿರಲಿಲ್ಲ. ನೀನೇ ಸೇರಿಸಿದ್ಯಾ? ಹನ್ನೊಂದು ಮಕ್ಕಳಲ್ಲಿ ಯಾರಿಗೂ ಹೊಳೀಲಿಲ್ಲ ಇದು. ಎಷ್ಟು... ಎಷ್ಟು ಸರಿಯಾಗಿ ಹೇಳಿದೆ. ಅಂದ್ರೆ, ಅಂಥವಳು ಇದ್ದಿದ್ರೆ ಹಾಗೇ ಮಾಡ್ತಿದ್ಲು ಅಂತ.

ಕೊನೇ ಪ್ರಶ್ನೆ. ಇದೇ ಕಷ್ಟದ್ದು, ಖಂಡಿತ ಕೇಳ್ತಾನೆ. ಅಲ್ಲಮ್ಮ, ಮಕ್ಕಳೆಲ್ಲ ಸಾಲುಸಾಲಾಗಿ ಬರ್ತೀರ, ನಿಮ್ಮ ತಾಯಿ ಒಂದು ಸಲವೂ ಯಾಕೆ ಬರಲಿಲ್ಲ?

ಹೇಳು.

ಏನಾದ್ರೂ ಹೇಳಬೇಕು ಕಣೇ. ಬೋಳುತಲೆಯವನು ಮಂಡಿನೋವು ಅಂದ. ಆ ಜೋಡಿ, ಬಸ್ಸು ಹತ್ತಿದ್ರೆ ವಾಂತಿ ಅಂತು. ಏನು ಹೇಳಿದ್ರೂ ನಡೆಯುತ್ತೆ. ಸುಮ್ಮನಿದ್ರೆ ಮಾತ್ರ ನಡೆಯಲ್ಲ.

ಆ ರೂಮಿನ ಕಡೆ ಏನು ನೋಡ್ತೀಯ? ನೋಡು, ಬೇಡ ಅನ್ನಲ್ಲ. ಚೆನ್ನಾಗಿದೆ ಅಲ್ವಾ? ಕಿಟಕಿಯಿಂದ ಮಧ್ಯಾಹ್ನ ಪೂರ್ತಿ ಬೆಳಕು. ಆಗ ಹೀಗಿರಲಿಲ್ಲ ಬಿಡು. ಹಳೇ ಟ್ರಂಕು, ಮುರಿದ ಕುರ್ಚಿ, ಪೇಪರಿನ ಗಂಟು. ಕಾಲಿಡೋಕೂ ಜಾಗ ಇರಲಿಲ್ಲ. ನಿಜವಾಗ್ಲೂ ಇರಲಿಲ್ಲ. ಇದ್ದಿದ್ರೆ ಇಲ್ಲ ಅಂತಿದ್ನಾ ನಾನು?

...

ಯಾರಿಗೆ ಅಂತ ಕೇಳಲ್ವಾ?

ಬೇರೆ ಯಾರಾದ್ರೂ ಆಗಿದ್ರೆ ಕೇಳ್ತಿದ್ರು. ಯಾರಿಗೆ ಇಲ್ಲ ಅಂದ್ರಿ, ಯಾವಾಗ ಅಂದ್ರಿ ಅಂತ. ನೀನು ಕೇಳಲಿಲ್ಲ. ಬಂದಾಗಿಂದ ನೀನು ಏನನ್ನೂ ಕೇಳಲಿಲ್ಲ. ನಾನೇ ಬಡ್ಕೊಳ್ತಾ ಇದ್ದೀನಿ.

ಎಷ್ಟು ವಯಸ್ಸು ನಿನಗೆ?... ಇಪ್ಪತ್ತಮೂರು.

ಎರಡು ವರ್ಷದವಳು ಆಗ ನೀನು. ಕೆಂಪು ಸ್ವೆಟರು. ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿದ್ದೆ. ಗಂಡನ ಮನೆ ಬಿಟ್ಟು ಬಂದಿದ್ಲು ನನ್ನ ತಂಗಿ, ನೀನು ಈಗ ಬಂದ ಬಾಗಿಲಲ್ಲೇ ನಿಂತಿದ್ಲು. ಎರಡು ತಿಂಗಳು ಇರ್ತೀನಿ ಅಕ್ಕ, ಕೆಲಸ ಹುಡುಕ್ಕೊಂಡು ಹೋಗ್ತೀನಿ ಅಂದ್ಲು. ನಮ್ಮವರು ಒಪ್ಪಲ್ಲ ಕಣೇ, ಜಾಗವೂ ಇಲ್ಲ ಅಂದೆ.

ನಮ್ಮವರನ್ನ ನಾನು ಕೇಳಿರಲೇ ಇಲ್ಲ. ಅವರು ಒಳಗೆ ಸ್ನಾನಕ್ಕೆ ಹೋಗಿದ್ರು. ಪಾಪದ ಮನುಷ್ಯ, ಸಾಯೋವರೆಗೂ ನಿನ್ನ ತಂಗಿ ಯಾಕೆ ಬರಲ್ಲ, ಯಾಕೆ ಬರಲ್ಲ ಅಂತ ನನ್ನನ್ನೇ ಕೇಳ್ತಿದ್ರು. ಅವರಿಗೂ ಮಂಡಿನೋವು ಅಂತಲೇ ಹೇಳಿದ್ದೆ. ಅವರು ಹೋದಮೇಲೆ ಆ ರೂಮು ಖಾಲಿ ಮಾಡಿದೆ. ಅರ್ಧ ದಿನ ಸಾಕಾಯ್ತು.

ಕಾರಣ ಬೇಕಾ? ಹೇಳಿದ್ರೆ ನಗ್ತೀಯ. ಆ ವಾರ ಹೊಸ ಸೋಫಾ ತಂದಿದ್ವಿ. ಮಗು ಹಾಳು ಮಾಡುತ್ತೆ ಅನ್ನಿಸ್ತು. ಅಷ್ಟೇ. ಆ ಸೋಫಾ ಯಾವಾಗಲೋ ಗುಜರಿಗೆ ಹೋಯ್ತು.

ನಗು. ಈಗ ನಗಬಹುದು ನೀನು... ನಗಲ್ವಾ?

ಅವಳು ಹೇಗಿದ್ದಾಳೆ? ಅವಳೇ ಕಳಿಸಿದ್ಲಾ, ನೀನಾಗೇ ಬುಕ್ ಮಾಡಿದ್ಯಾ? ಬಾಯಿ ಬಿಡೇ ತಾಯಿ. ಕಿಟಕಿ ಕಡೆ ಯಾಕೆ ನೋಡ್ತೀಯ? ಕಿಟಕಿಯಲ್ಲಿ ಏನಿದೆ...

ಅಯ್ಯೋ.

ಎಷ್ಟು ಹೊತ್ತಿಂದ ಕೆಳಗೆ ನಿಂತಿದ್ದಾಳೆ ನಿನ್ನ ಅಮ್ಮ? ಕೂದಲು ಪೂರ್ತಿ ಬೆಳ್ಳಗಾಗಿದೆಯಲ್ಲೇ. ಆ ವಾಚ್‌ಮನ್ ಯಾಕೆ ಕೈ ಅಡ್ಡ ಹಿಡಿದಿದ್ದಾನೆ? ನಾನು ಮೂರನೇ ಮಹಡಿಯವರ ತಂಗಿ ಅಂದಿರ್ತಾಳೆ. ಹನ್ನೊಂದು ಮಕ್ಕಳ ತಾಯಿ ನೀವೇನಾ ಅಂತ ಅವನು ಹಲ್ಲು ಕಿರಿದಿರ್ತಾನೆ. ನಿನ್ನನ್ನ ಮಾತ್ರ ಹೇಗೆ ಬಿಟ್ಟ?... ಹೌದು, ನಿನ್ನ ಹೆಸರು ನಾನೇ ಬೆಳಿಗ್ಗೆ ಅವನಿಗೆ ಕೊಟ್ಟಿದ್ದೆ, ಆಗಲೂ ನನಗೆ ಹೊಳೀಲಿಲ್ಲ ನೋಡು. ಬುಕ್ ಮಾಡಿದವಳು ನೀನಲ್ವಾ.

ಲಿಫ್ಟು ಎಲ್ಲಿದೆ ನೋಡು. ಕೆಳಗಾ? ಮೆಟ್ಟಿಲಲ್ಲೇ ಹೋಗ್ತೀನಿ. ಇರು, ಸೆಕ್ರೆಟರಿ ಬಂದ್ರೆ... ಬಂದ್ರೆ ಕೂರಿಸು. ನಾನು ಇವರ ತಂಗಿ ಮಗಳು ಅಂತ ನಿಜ ಹೇಳು. ಹೇಗಿದ್ರೂ ಅವನು ನಂಬಲ್ಲ.

ಅವಳು ತಿರುಗಿದ್ಲು ನೋಡು. ಗೇಟಿನ ಕಡೆ ಹೊರಟಳು. ನಾನು ಇಳಿಯೋ ಹೊತ್ತಿಗೆ ಬಸ್ಸು ಹತ್ತಿರ್ತಾಳೆ, ಅವಳ ಕೋಪ ನನಗೆ ಗೊತ್ತಿಲ್ವಾ. ಸ್ವಲ್ಪ ಪಕ್ಕಕ್ಕೆ ಸರಿ, ಕಿಟಕಿ ಪೂರ್ತಿ ತೆಗೀತೀನಿ. ಸೆಕ್ರೆಟರಿ ಅಲ್ಲೇ ಕೆಳಗೆ ಮೆಟ್ಟಿಲ ಹತ್ರ ನಿಂತಿದ್ದಾನೆ. ನಿಂತಿರಲಿ. ಕೇಳಿಸಿಕೊಳ್ಳಲಿ. ಇಡೀ ಕಟ್ಟಡಕ್ಕೆ ಕೇಳಿಸಲಿ.

ಏ... ನಿಲ್ಲೇ! ಇಲ್ಲಿ, ಮೇಲೆ ನೋಡು! ಹೋಗಬೇಡ ಕಣೇ... ರೂಮು ಖಾಲಿ ಇದೆ!