ಒಂಬತ್ತು ಮಂದಿಯಲ್ಲಿ ವರ್ಷಕ್ಕೆ ಮೂವರು

ತಾಯಂದಿರೇ, ಅಣ್ಣಂದಿರೇ, ಒಂದು ಊರು. ಅಲ್ಲೊಬ್ಬ ಸಾಹುಕಾರ. ಹೈಸ್ಕೂಲಿಗೆ ಜಾಗ ಕೊಟ್ಟವನು ಅವನೇ, ಶಾಲಾ ಸಮಿತಿಯ ಅಧ್ಯಕ್ಷನೂ ಅವನೇ. ಸಮಿತಿಯಲ್ಲಿ ಒಂಬತ್ತು ಮಂದಿ. ಆ ಊರಿನ ಪದ್ಧತಿ ನೋಡಿ, ಒಂಬತ್ತೂ ಮಂದಿ ಒಂದೇ ದಿನ ಬರುತ್ತಿದ್ದರು, ಮೂರು ವರ್ಷ ಕಳೆದ ಮೇಲೆ ಒಂಬತ್ತೂ ಮಂದಿ ಒಂದೇ ದಿನ ಇಳಿಯುತ್ತಿದ್ದರು. ಶಾಲು, ಹಾರ, ಫೋಟೊ. ಮರುದಿನ ಹೊಸ ಒಂಬತ್ತು ಮಂದಿ. ಹಳಬರು ಹೊಸಬರಿಗೆ ಏನು ಹೇಳಿ ಹೋದರು? ಏನೂ ಇಲ್ಲ! ಕೇಳುವುದು ಇವರಿಗೆ ಅವಮಾನ, ಹೇಳುವುದು ಅವರಿಗೆ ಬೇಡದ ಉಸಾಬರಿ.

ಒಂದು ಸಲ ಸಾಹುಕಾರನ ತಂಡ ಇಳಿದ ತಿಂಗಳಲ್ಲೇ ಹತ್ತನೇ ತರಗತಿಯ ಮಾನ್ಯತೆ ನವೀಕರಣಕ್ಕೆ ಅರ್ಜಿ ಹಾಕಬೇಕಿತ್ತು. ಹೊಸಬರು ಹಾಕುತ್ತಾರೆ ಎಂದು ಹಳಬರು ಸುಮ್ಮನಿದ್ದರು. ಹಳಬರು ಹಾಕಿರುತ್ತಾರೆ ಎಂದು ಹೊಸಬರು ಸುಮ್ಮನಿದ್ದರು. ಯಾರೂ ಹಾಕಲಿಲ್ಲ. ಜೂನ್‌ನಲ್ಲಿ ಹತ್ತನೇ ತರಗತಿಗೆ ಬೀಗ ಬಿತ್ತು. ಗಂಡುಹುಡುಗರು ಇಪ್ಪತ್ತು ಕಿಲೋಮೀಟರ್ ಆಚೆಯ ಶಾಲೆಗೆ ಹೋದರು. ಹನ್ನೊಂದು ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತರು. ಯಾರ ತಪ್ಪು? ಹೇಳಿ ನೋಡೋಣ.

ಊರು ಸೇರಿತು. ಬಟ್ಟೆ ಹೊಲಿಯುವ ಒಬ್ಬ ತಾಯಿ ಎದ್ದು ನಿಂತಳು. “ನಿಮಗೆಲ್ಲಾ ಶಾಲು ಹೊದಿಸಿ ಕಳಿಸಿದ್ವಿ. ನನ್ನ ಮಗಳು ಮನ್ಯಾಗ ಕುಂತಾಳ್ರೀ. ಎಲ್ಲಾರೂ ಒಮ್ಮೆಲೆ ಎದ್ದು ಹೋದ್ರ ನಾ ಯಾರನ್ನ ಕೇಳ್ಲಿ? ವರ್ಷಕ್ಕ ಮೂರ್ ಮಂದಿ ಇಳೀರಿ, ಆರು ಮಂದಿ ಉಳೀರಿ. ಉಳಿದವ್ರು ಹೊಸಬ್ರಿಗೆ ದಾರಿ ತೋರಸ್ರಿ.”

ಸಾಹುಕಾರ ತಲೆ ತಗ್ಗಿಸಿದ. “ಆಕಿ ಹೇಳೂದು ಖರೆ ಐತಿ. ಯಾರು ಮೊದಲ ಇಳೀಬೇಕಂತ ಚೀಟಿ ಎತ್ತೋಣು” ಎಂದ. ಊರು ಇದ್ದ ಸಮಿತಿಯನ್ನು ಇಳಿಸಿ ಹೊಸದಾಗಿ ಒಂಬತ್ತು ಮಂದಿಯನ್ನು ಆರಿಸಿತು. ಸಾಹುಕಾರನೂ ಇದ್ದ, ಆ ತಾಯಿಯೂ ಇದ್ದಳು. ಮೊದಲ ಸಲಕ್ಕೆ ಮೂವರಿಗೆ ಒಂದು ವರ್ಷ, ಮೂವರಿಗೆ ಎರಡು, ಮೂವರಿಗೆ ಮೂರು. ಚೀಟಿ ಎತ್ತಿದರೆ ತಾಯಿಗೆ ಮೂರು ವರ್ಷ, ಸಾಹುಕಾರನಿಗೆ ಒಂದೇ!

“ಸಾಹುಕಾರ್ರ, ನಿಮ್ಮ ಚೀಟಿ ತಿರುಗಿ ಡಬ್ಬ್ಯಾಗ ಹಾಕ್ರಿ” ಎಂದರು ಜನ.

“ಬ್ಯಾಡ. ಊರಿಗೊಂದು ನ್ಯಾಯ, ನನಗೊಂದು ನ್ಯಾಯ ಅಂತ ಐತೇನು?” ಎಂದ ಅವನು.

ಆ ಒಂದು ವರ್ಷ ಅವನು ಏನು ಮಾಡಿದ ಗೊತ್ತೇ? ಶಿಕ್ಷಣ ಇಲಾಖೆಯ ಕಚೇರಿಗೆ ಹೋದಾಗಲೆಲ್ಲ ಆ ತಾಯಿಯನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಹೋದ. ಯಾವ ಕಾಗದ, ಯಾವ ಮೇಜು, ಯಾವ ತಿಂಗಳು, ಎಲ್ಲ ತೋರಿಸಿದ. ಮಾನ್ಯತೆ ಬಂತು, ಹನ್ನೊಂದೂ ಹೆಣ್ಣುಮಕ್ಕಳು ಬಂದು ಬೆಂಚಿನ ಮೇಲೆ ಕುಳಿತರು. ವರ್ಷ ತುಂಬಿತು, ಅವನು ಇಳಿದ. ಮತ್ತೆ ಅರ್ಜಿಯ ತಿಂಗಳು ಬಂದಾಗ ಮನಸ್ಸು ತಡೆಯದೆ ಶಾಲೆಗೆ ಓಡಿದ. ತಾಯಿ ನಕ್ಕಳು. “ಹೋದ ವಾರನ ಹಾಕೇವ್ರಿ!” ಸಾಹುಕಾರ ಎದೆಯುಬ್ಬಿಸಿ ಮನೆಗೆ ನಡೆದ. ಕಟ್ಟಡದ ಮೇಲೆ ತನ್ನ ಹೆಸರು ಬರೆಸಿದ ದಿನವೂ ಅವನು ಹಾಗೆ ನಡೆದಿರಲಿಲ್ಲ. ಅವನ ಕಥೆ ಹೇಳುವಾಗ ನನಗೂ ಹೆಮ್ಮೆಯಾಗುತ್ತದೆ.

ನೋಡಿ, ಹೆಮ್ಮೆ ಪಡಬೇಡಿ ಎಂದು ನಾನು ಹೇಳುವುದಿಲ್ಲ. ಪಡಿ! ಆದರೆ ‘ನಾನಿಲ್ಲದಿದ್ದರೆ ನಡೆಯುವುದಿಲ್ಲ’ ಎನ್ನುವುದು ಯಾವ ಹೆಮ್ಮೆ? ‘ನಾನು ಕಲಿಸಿದ್ದೇನೆ, ನಾನಿಲ್ಲದೆಯೂ ನಡೆಯುತ್ತದೆ’ ಎನ್ನಿ, ಅದು ಹೆಮ್ಮೆ. ನಮ್ಮ ಮಠದ ದಾಸೋಹ ಸಮಿತಿಯಲ್ಲಿ ಹದಿನೆಂಟು ವರ್ಷದಿಂದ ಕುಳಿತವರು ಮುಂದಿನ ಸಾಲಿನಲ್ಲೇ ಇದ್ದೀರಿ. ನಗಬೇಡಿ, ನಿಮಗೇ ಹೇಳಿದ್ದು. ಅತ್ತೆಯಂದಿರೇ, ನಿಮಗೂ.

ಇಂದು ಮನೆಗೆ ಹೋಗಿ, ನಿಮಗೊಬ್ಬರಿಗೇ ಗೊತ್ತಿರುವ ಒಂದು ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡಿ. ಕೊಟ್ಟು ಎದ್ದು ಹೋಗಬೇಡಿ, ಪಕ್ಕದಲ್ಲೇ ಕುಳಿತಿರಿ. ಅವರು ತಪ್ಪುವುದಿದ್ದರೆ ನೀವಿರುವಾಗಲೇ ತಪ್ಪಲಿ.