ಊದಲು ತಾಕಿಗೆ ನುಗ್ಗಿದ ಎಮ್ಮೆ

ಅಧ್ಯಕ್ಷತೆ ವಹಿಸಿರುವ ನಮ್ಮ ಕೃಷಿ ಸಂಶೋಧನಾ ಕೇಂದ್ರದ ನಿರ್ದೇಶಕರೇ, ಇವತ್ತು ನಿವೃತ್ತರಾಗುತ್ತಿರುವ ನಮ್ಮ ಊದಲು ವಿಭಾಗದ ಮೇಡಂ ಅವರೇ, ಚಹಾದ ದಾರಿ ಕಾಯುತ್ತಿದ್ದರೂ ಕಾಯದವರಂತೆ ಕೂತಿರುವ ಸಭಿಕರೇ,

ಕಳೆ ಕೀಳುವವನ ಕೈಗೆ ಮೈಕು ಕೊಟ್ಟಿದ್ದೀರಿ. ಎರಡೇ ನಿಮಿಷ ಅಂದಿದ್ದೀರಿ. ಪ್ರಯತ್ನ ಮಾಡುತ್ತೇನೆ.

ಊದಲು ಅಂದರೆ ಏನು? ಒಂದು ಕಿರುಧಾನ್ಯ. ಅದರ ದಾಯಾದಿ ಕಾಡು ಊದಲು ಅಂದರೆ ಏನು? ಭತ್ತದ ಗದ್ದೆಗೆ ನುಗ್ಗಿ ಪುಕ್ಕಟೆ ಗೊಬ್ಬರ ತಿನ್ನುವ ಕಳೆ. ಒಂದೇ ವಂಶ, ಒಂದೇ ಮುಖ. ನಮ್ಮ ಮನೆಯಲ್ಲೂ ಅಣ್ಣತಮ್ಮಂದಿರು ಇಬ್ಬರು. ಯಾರು ಧಾನ್ಯ, ಯಾರು ಕಳೆ ಅಂತ ಹೇಳುವುದಿಲ್ಲ, ನನ್ನ ತಮ್ಮ ಹಿಂದಿನ ಸಾಲಿನಲ್ಲೇ ಇದ್ದಾನೆ.

ನಾನು ಮೊದಲು ಭತ್ತದ ವಿಭಾಗದಲ್ಲಿದ್ದೆ. ಅಲ್ಲಿ ಕಲಿಸಿದ್ದು ಒಂದೇ ಪಾಠ: ಎಲೆ ಕಾಂಡಕ್ಕೆ ಸೇರುವಲ್ಲಿ ತೆಳುಪೊರೆ ಇದ್ದರೆ ಭತ್ತ, ಬಿಡು, ಇಲ್ಲದಿದ್ದರೆ ಊದಲು, ಕೀಳು. ಆಮೇಲೆ ನನ್ನನ್ನು ಮೇಡಂ ಅವರ ಪ್ರಯೋಗದ ತಾಕಿಗೆ, ಆ ತುಂಡು ಹೊಲಕ್ಕೆ, ಹಾಕಿದರು. ಮೊದಲ ದಿನವೇ ಒಳ್ಳೆ ಹೆಸರು ತೆಗೆದುಕೊಳ್ಳಬೇಕು ಅಂತ ಬೆನ್ನೆತ್ತದೆ ಕಿತ್ತೆ. ಪೊರೆ ಇದ್ದ ಗಿಡ ಒಂದೂ ಸಿಗಲಿಲ್ಲ. ಈ ಮೇಡಂಗೆ ಕಳೆ ಸಾಕುವ ಚಟ ಇರಬೇಕು ಅಂತ ಬೈದುಕೊಂಡೇ ಕಿತ್ತೆ.

ಸಂಜೆ ಮೇಡಂ ಬಂದರು.

"ಎಲ್ಲಾ ಕಿತ್ಬಿಟ್ಯಾ?"

"ಒಂದೂ ಬಿಟ್ಟಿಲ್ಲ ಮೇಡಂ!"

ನಾನು ಕಿತ್ತದ್ದೆಲ್ಲ ಅವರು ಆರು ವರ್ಷ ಕಷ್ಟಪಟ್ಟು ಬೆಳೆಸಿದ ಊದಲು ತಳಿ. ಅವರು ಬದುವಿನ ಮೇಲೆ ಕೂತುಬಿಟ್ಟರು. ಆಮೇಲೆ ಕೇಳಿದರು, "ಮನೇಲಿ ಯಾರ‍್ಯಾರಿದಾರೆ?"

"ಹೆಂಡ್ತಿ, ಮೇಡಂ. ಈಗ ಎಂಟು ತಿಂಗಳು."

"ಹಾಗಾದ್ರೆ ಎಮ್ಮೆ ನುಗ್ಗಿತ್ತು. ಗೇಟು ಹಾಕದೆ ಹೋದೋಳು ನಾನು. ನೀನು ಬಾಯಿ ಮುಚ್ಕೊಂಡಿರು."

ಹೀಗೆ ಈ ಕೇಂದ್ರಕ್ಕೆ ತಂತಿಬೇಲಿ ಬಂತು. ಅದನ್ನೇ ನಿರ್ದೇಶಕರು ಈಗಷ್ಟೇ ಹೊಗಳಿದ್ದು. ವಿಚಾರಣೆಯ ವರದಿಯಲ್ಲಿ ಆ ಎಮ್ಮೆಯ ಕೊಂಬಿನ ಅಳತೆಯೂ ಇದೆ. ಮೇಡಂ ಅವರ ಕಡತದಲ್ಲಿ ಮಾತ್ರ ಒಂದೇ ಪದ ಬರೆದರು: ನಿರ್ಲಕ್ಷ್ಯ. ಆ ಪದಕ್ಕೇ ಮೂರು ಸಲ ಅವರ ಬಡ್ತಿ ತಪ್ಪಿತು. ನನಗೆ? ಎರಡು ಸಲ ಸಿಕ್ಕಿತು. ಹೇಳಲು ನಾಚಿಕೆಯಾಗುತ್ತದೆ ಸ್ವಾಮಿ.

ಸಭಿಕರೇ, ಆ ಎಮ್ಮೆ ನಾನೇ.

ನಿರ್ದೇಶಕರೇ, ಮೇಡಂ ಐದು ಗಂಟೆಗೆ ಬೀಗದ ಕೈ ಒಪ್ಪಿಸುತ್ತಾರೆ. ಅಷ್ಟರೊಳಗೆ ಆ ಪದ ಹೊಡೆದುಹಾಕಿ, ನನ್ನ ಕಡತದಲ್ಲಿ ಬರೆಸಿ. ಏನು ಶಿಕ್ಷೆ ಕೊಟ್ಟರೂ ಸರಿ. ಮೇಡಂ ಅಲ್ಲಿಂದಲೇ ಕೂತ್ಕೋ, ಕೂತ್ಕೋ ಅಂತ ಕೈ ಮಾಡುತ್ತಿದ್ದಾರೆ. ಇಲ್ಲ ಮೇಡಂ. ಇಪ್ಪತ್ತೆರಡು ವರ್ಷ ಕೂತಿದ್ದಾಯಿತು.

ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ಮೇಡಂಗೆ ಬಗ್ಗಿ ನಮಸ್ಕಾರ.