ಜಿಮ್ಮೇದಾರ: ಮಡೆಪ್ಪ ವಲ್ದ ಸಂಗಪ್ಪ

ಹಿರಿಯರೇ, ತಾಯಂದಿರೇ, ಭಾಲ್ಕಿಯಿಂದ ಗಾಡಿ ಕಟ್ಟಿಕೊಂಡು ಬಂದವರೇ, ಔರಾದದಿಂದ ನಡೆದೇ ಬಂದವರೇ — ಎಲ್ಲರಿಗೂ ನನ್ನ ಸಲಾಮು, ಶರಣು. ಮುಂದೆ ಚಾಪೆಯ ಮೇಲೆ ಕೂತಿರುವ ಗುಂಡಮ್ಮನವರಿಗೆ, ಅವರ ಮಗಳು ಲಲಿತಾಬಾಯಿಗೆ ಕೈಮುಗಿಯುತ್ತೇನೆ. ಹಿಂದೆ ಕಟ್ಟೆಯ ಮೇಲೆ ವಹಿ ಬಿಚ್ಚಿಕೊಂಡು ಕೂತಿರುವ ಪೊಲೀಸ್ ಮುನ್ಷಿ ಸಾಹೇಬರಿಗೂ ಸಲಾಮು. ನನ್ನ ಒಂದೊಂದು ಮಾತೂ ಬರೆದುಕೊಳ್ಳಲು ಅವರನ್ನು ಕಳಿಸಿದ್ದಾರೆ. ನಿಧಾನಕ್ಕ ಮಾತಾಡ್ತೇನಿ ಸಾಹೇಬ್ರ, ಚಿಂತಿ ಮಾಡಬ್ಯಾಡ್ರಿ.

ನಾನು ಜಹೀರೋದ್ದೀನ, ಅರ್ಜಿ ಬರೆಯುವವನು. ಎದುರಿಗೆ ಕಾಣುವ ಆ ಕಛೇರಿಯ ಮುಂದೆ, ಇದೇ ಬೇವಿನ ಗಿಡದ ಕೆಳಗೆ, ಹತ್ತೊಂಬತ್ತು ವರ್ಷ ಮಡೆಪ್ಪನ ಮಗ್ಗುಲಿಗೆ ಕೂತಿದ್ದೆ. ಹಳ್ಳಿಯವರು ತಮ್ಮ ಕಷ್ಟವನ್ನು ಕನ್ನಡದಲ್ಲಿ ಅವನ ಮುಂದೆ ಸುರಿಯುತ್ತಿದ್ದರು. ಅವನು ಅದನ್ನು ಸೋಸಿ ನನಗೆ ಹೇಳುತ್ತಿದ್ದ, ನಾನು ಉರ್ದುವಿನಲ್ಲಿ ಬರೆಯುತ್ತಿದ್ದೆ. ಕನ್ನಡ ಓದು ಬರಹ ನನಗೆ ಕಲಿಸಿದವನು ಅವನೇ. ಅವನಿಗೆ ಉರ್ದು ಕಲಿಸಲು ನಾನು ಏಳು ಸಲ ಕೂತೆ, ಪುಣ್ಯಾತ್ಮ ಒಂದು ಅಲಿಫ್ ಕೂಡ ನೆಟ್ಟಗೆ ಬರೆಯಲಿಲ್ಲ. ಆದ್ದರಿಂದ ಇವತ್ತು ನನ್ನ ಕನ್ನಡದಲ್ಲಿ ತಪ್ಪು ಕಂಡರೆ ನನ್ನ ಮಾಸ್ತರನನ್ನು ಬೈಯಿರಿ.

ಈ ಸಭೆಗೆ ಇಜಾಜತ್, ಅಂದರೆ ಸರಕಾರದ ಪರವಾನಗಿ, ಇದೆ. ಇಗೋ — ಹಿಂದೆ ಇದ್ದವರಿಗೆ ಕಾಣುತ್ತದೆಯೇ? — ಕಛೇರಿಯ ಮೊಹರು. ಮಡೆಪ್ಪ ಜ್ವರದಿಂದ ತೀರಿಕೊಂಡ ಮರುದಿನವೇ ಅರ್ಜಿ ಹೋಯಿತು. ನಾಲ್ಕು ಜನ ಸೇರುವ ಯಾವ ಕೂಟಕ್ಕೂ ಹತ್ತು ದಿನ ಮೊದಲು ಅರ್ಜಿ ಕೊಡಬೇಕು ಎಂಬುದು ನಿಯಮ. ನಾನು ಗುಮಾಸ್ತರನ್ನು ಕೇಳಿದೆ: "ಸಾಹೇಬ್ರ, ಸಾಯೋ ಮನಷ್ಯಾ ಹತ್ತು ದಿನ ಮೊದಲ ಹ್ಯಾಂಗ ತಿಳಸಬೇಕಾಗಿತ್ರಿ?" ಅವರು ಅಳುವುದಕ್ಕೂ ಹತ್ತು ದಿನದ ಮುದ್ದತ್ತು ಹಾಕಿ ಕಳಿಸಿದರು. ಮೇಲೆ ಒಂದು ಷರತ್ತು — ಓದುತ್ತೇನೆ — "ಮೃತನ ಗುಣಗಳ ಹೊರತು ಬೇರೆ ಯಾವ ವಿಷಯವನ್ನೂ ಎತ್ತಕೂಡದು." ಆಗಲಿ. ಗುಣಗಳನ್ನೇ ಹೇಳುತ್ತೇನೆ. ಅವನ ಗುಣಗಳು ಬಹಳ, ಅವುಗಳಲ್ಲಿ ನಾಲ್ಕು ಮುಂದಿನ ತಿಂಗಳು ನಡೆಯಬೇಕಾಗಿವೆ.

ಮೊದಲ ಗುಣ — ಅವನಿಗೆ ಹಾಡಲು ಬರುತ್ತಿರಲಿಲ್ಲ. ನಗಬ್ಯಾಡ್ರಿ... ನಗ್ರಿ, ನಗ್ರಿ, ಗುಂಡಮ್ಮನವರೇ ನಗುತ್ತಿದ್ದಾರೆ. ಭಜನೆಯಲ್ಲಿ ಚಪ್ಪಾಳೆ ಹೊಡೆಯಲು ಬಿಟ್ಟರೆ ತಾಳ ಔರಾದದಲ್ಲಿ, ಅವನ ಕೈ ಹಲಬರ್ಗಾದಲ್ಲಿ. ಹಾಡಲು ಬಾರದ ಈ ಮನುಷ್ಯ ನಾಲ್ಕು ವರ್ಷ ಇಡೀ ಸೀಮೆಯ ಹಾಡನ್ನು ಹೊತ್ತುಕೊಂಡ.

ಹೇಗೆ ಎಂದು ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಆ ಗಸ್ತಿ, ಅಂದರೆ ಸುತ್ತೋಲೆ, ಬಂತು. ಭಜನೆಗೂ ಅರ್ಜಿ, ಕವ್ವಾಲಿಗೂ ಅರ್ಜಿ, ದೊಡ್ಡಾಟಕ್ಕೂ ಅರ್ಜಿ. ಅರ್ಜಿಯ ಕೊನೆಗೆ ಒಂದು ಸಾಲು ಖಾಲಿ — ಜಿಮ್ಮೇದಾರ. ಏನಾದರೂ ಆದರೆ ಯಾರನ್ನು ಹಿಡಿಯಬೇಕು, ಅವನ ಹೆಸರು. ಜನ ಅರ್ಜಿ ಬರೆಸುತ್ತಿದ್ದರು, ಆ ಸಾಲಿಗೆ ಬಂದ ಕೂಡಲೇ ಕೆಮ್ಮುತ್ತಿದ್ದರು. ಒಬ್ಬನಿಗೆ ಮಗಳ ಮದುವೆ, ಇನ್ನೊಬ್ಬನಿಗೆ ಹೊಲದ ತಕರಾರು. ಮಡೆಪ್ಪ ಅವರ ಮುಖ ನೋಡುತ್ತಿದ್ದ, ಆಮೇಲೆ ನನ್ನ ಕಡೆ ತಿರುಗಿ ಹೇಳುತ್ತಿದ್ದ: "ಬರಿ ಜಹೀರ. ನನ್ನ ಹೆಸರು ಬರಿ." ನಾನು ಬರೆಯುತ್ತಿದ್ದೆ — ಮಡೆಪ್ಪ ವಲ್ದ ಸಂಗಪ್ಪ, ಸಾಕಿನ್ ಹಲಬರ್ಗಾ; ಅಂದರೆ ಸಂಗಪ್ಪನ ಮಗ, ಹಲಬರ್ಗಾದಲ್ಲಿ ವಾಸ. ಎಷ್ಟು ಸಲ ಬರೆದೆನೋ ಅಲ್ಲಾಹನಿಗೇ ಗೊತ್ತು.

ಎಲ್ಲ ಅರ್ಜಿಗಳೂ ನಮ್ಮ ಕೈಮೇಲೇ ಹೋಗುತ್ತಿದ್ದುದರಿಂದ ಎಲ್ಲಿ ಏನು ನಡೆಯುತ್ತದೆ ಎಂಬುದು ನಮಗೇ ಮೊದಲು ತಿಳಿಯುತ್ತಿತ್ತು. ಅದನ್ನು ಅವನು ದೊಡ್ಡ ಕಾಗದದಲ್ಲಿ ಪಟ್ಟಿ ಮಾಡಿ ಈ ಗಿಡಕ್ಕೆ ಒಂದು, ಚೌಬಾರ ಗೋಪುರದ ಗೋಡೆಗೆ ಒಂದು ಅಂಟಿಸುತ್ತಿದ್ದ. ತಿಥಿ ಒಂದು ಕಡೆ, ಹಿಜರಿ ಒಂದು ಕಡೆ, ಸರಕಾರದ ಫಸಲಿ ತಾರೀಖು ಒಂದು ಕಡೆ. ಮೂರು ಲೆಕ್ಕ ಯಾಕೆ ಅಂತ ಕೇಳುತ್ತೀರಿ? ಅದಕ್ಕೊಂದು ಕಥೆ ಇದೆ. ಹಾವಗೆಪ್ಪ, ತಲೆ ತಗ್ಗಿಸಬೇಡ, ನಿನ್ನದೇ ಕಥೆ.

ಗಸ್ತಿ ಬಂದ ಮೊದಲ ವರ್ಷ ಔರಾದದಲ್ಲಿ ಹಾವಗೆಪ್ಪನ ಭಜನಾ ಮೇಳ ಇತ್ತು. ತಿಥಿಯಿಂದ ಫಸಲಿ ತಾರೀಖನ್ನು ಮಡೆಪ್ಪ ಬೆರಳಲ್ಲಿ ಎಣಿಸಿದ. ದೈ ತಿಂಗಳಿಗೆ ಮೂವತ್ತು ದಿನ ಅಂತ ಹಿಡಿದ, ಅದಕ್ಕೆ ಇರುವುದು ಇಪ್ಪತ್ತೊಂಬತ್ತೇ. ಒಂದು ದಿನ ತಪ್ಪಿತು. ಮೇಳದವರು ಬಂದು ಕಂಬಳಿ ಹಾಸಿ ಕೂತರು, ಇನ್ನೂರು ಜನ ಸುತ್ತ ಕೂತರು, ಪೊಲೀಸ್ ಅಮೀನ ಸಾಹೇಬರು ಕುದುರೆ ಮೇಲೆ ಬಂದರು.

"ಇಜಾಜತ್ ನಿನ್ನಿದು ಅದ. ನಿನ್ನಿ ಯಾಕ ಹಾಡಲಿಲ್ಲ?"

"ನಿನ್ನಿ ನಾವು ಹಾದ್ಯಾಗ ಇದ್ದೇವ್ರಿ," ಅಂದ ಮಡೆಪ್ಪ.

"ಇವತ್ತು ಒಂದು ಹಾಡು ಕೇಳಿಸಿದ್ರೂ ಎಲ್ಲಾರ್ನೂ ಒಳಗ ಹಾಕ್ತೀನಿ."

ಮಡೆಪ್ಪ ತಿರುಗಿ ನೋಡಿದ. ಇನ್ನೂರು ಜನ. ಮುದುಕಿಯರು ಬುತ್ತಿ ಕಟ್ಟಿಕೊಂಡು ಬಂದಿದ್ದಾರೆ. ಹಾವಗೆಪ್ಪನಿಗೆ ಹೇಳಿದ: "ಹಾಡಬ್ಯಾಡ. ಶ್ರುತಿ ಕೂಡಸು."

ಹಾವಗೆಪ್ಪ ಶ್ರುತಿ ಕೂಡಿಸಿದ ನೋಡ್ರಿ — ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ! ಏಕತಾರಿಯ ತಂತಿ ಬಿಗಿ ಮಾಡುವುದು, ಮತ್ತೆ ಸಡಿಲ ಮಾಡುವುದು. ಡಪ್ಪನ್ನು ಬೆಂಕಿಗೆ ಹಿಡಿದು ಕಾಯಿಸುವುದು, ಒಂದು ಪೆಟ್ಟು ಹಾಕಿ ನೋಡುವುದು, ಮತ್ತೆ ಕಾಯಿಸುವುದು. ತಾಳ ಸೀಳಿದೆಯೇನೋ ಎಂದು ಬಡಿದು ಬಡಿದು ಪರೀಕ್ಷೆ. ಜನ ಎದ್ದು ಹೋಗಲಿಲ್ಲ, ಆ ಪರೀಕ್ಷೆಗೇ ತಲೆ ತೂಗಿದರು. ಅಮೀನರು ಮೂರು ಸಲ ಕೇಳಿದರು: "ಇನ್ನೂ ಮುಗೀಲಿಲ್ಲೇನು?" ಮಡೆಪ್ಪ ಕೈಮುಗಿದ: "ಥಂಡಿ ಅದರಿ ಸಾಹೇಬ್ರ, ತಂತಿ ನಿಲ್ಲವಲ್ದು." ಕೊನೆಗೆ ಅಮೀನರೇ ಹೊರಸಿನ ಮೇಲೆ ಕೂತು ಹೇಳಿದರು: "ಆ ಎಡಗಡಿ ಡಪ್ಪು ಸಡಿಲ ಅದ, ಅದ್ನ ಇನ್ನೊಂದೀಟು ಕಾಸ್ರಿ." ಊರಿಗೆ ಬಂದ ಮಡೆಪ್ಪ ಮೂರು ಲೆಕ್ಕದ ಪಟ್ಟಿ ಶುರು ಮಾಡಿದ.

ನಕ್ಕದ್ದು ಸಾಕು. ಇನ್ನೊಂದನ್ನೂ ಹೇಳಬೇಕು.

ಹೋದ ವರ್ಷ ಭಾಲ್ಕಿಯಲ್ಲಿ ದೊಡ್ಡಾಟ ಆಯಿತು. ಆಟದ ರಾಜ ಒಬ್ಬ ದುಷ್ಟ ಅಧಿಕಾರಿಗೆ ಬೈದ, ಜನ ಸೀಟಿ ಹೊಡೆದರು. ರಾಜನ ವೇಷದವನನ್ನು ಯಾರೂ ಹಿಡಿಯಲಿಲ್ಲ, ಸೀಟಿ ಹೊಡೆದವರನ್ನೂ ಹಿಡಿಯಲಿಲ್ಲ. ಕಾಗದ ತೆಗೆದು ನೋಡಿದರು, ಜಿಮ್ಮೇದಾರನನ್ನು ಹಿಡಿದರು. ಠಾಣೆಯಲ್ಲಿ ಕೇಳಿದರಂತೆ, "ನಿಂದು ಯಾವ ಪಾತ್ರ?" ಇವನು ಹೇಳಿದನಂತೆ, "ಆಟ ಮುಗದ ಮ್ಯಾಲ ಬರೋ ಪಾತ್ರ ನಂದು." ಮೂರು ದಿನ ಇಟ್ಟುಕೊಂಡರು. ಬರುವಾಗ ಎಡಗಾಲು ಎಳೆಯುತ್ತ ಬಂದ. ಏನಾಯಿತು ಎಂದು ಕೇಳಿದರೆ ಚಾಪೆ ಕೊಡವಿ ಕೂತು, "ಮುಂದಿನ ಅರ್ಜಿ ಯಾರದು?" ಅಂದ.

ಆ ಮೂರು ದಿನ ನಾನು ಎಲ್ಲಿದ್ದೆ? ಇಲ್ಲೇ. ಈ ಗಿಡದ ಕೆಳಗೇ ಕೂತು ಅರ್ಜಿ ಬರೆಯುತ್ತಿದ್ದೆ. ಠಾಣೆಗೆ ಹೋಗಲಿಲ್ಲ. ಹೆದರಿದ್ದೆ — ಹೆದರಿದ್ದೆ ಅಂತ ಬರಕೋರಿ ಮುನ್ಷಿ ಸಾಹೇಬ್ರ. ನಾಲ್ಕು ವರ್ಷ ನನ್ನ ಕೈಯಾರೆ ಅವನ ಹೆಸರು ಬರೆದೆ, ಒಂದು ಸಲವೂ ನನ್ನ ಹೆಸರು ಬರೆಯಲಿಲ್ಲ. ಅವನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಇಷ್ಟಕ್ಕೇ ಮುಗಿಯಲಿಲ್ಲ. ಈ ಸಭೆಯ ಅರ್ಜಿಯಲ್ಲೂ, ಮನೆಯವರದೇ ಇರಲಿ ಎಂದು ನನಗೆ ನಾನೇ ಹೇಳಿಕೊಂಡು, ಗಂಡನನ್ನು ಮಣ್ಣು ಮಾಡಿ ಬಂದ ಈ ತಾಯಿಯ ಹೆಬ್ಬೆರಳಿಗೆ ಮಸಿ ಹಚ್ಚಿದೆ. ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ, ನನಗೆ ನಾಚಿಕೆಯಾಗಿದೆ.

ಈಗ ಕೇಳಿ. ಸಾಯುವ ವಾರ ಮಡೆಪ್ಪ ಮುಂದಿನ ತಿಂಗಳಿಗೆ ನಾಲ್ಕು ಇಜಾಜತ್ ತೆಗೆದಿದ್ದ. ಮೊನ್ನೆ ಕಛೇರಿಯಿಂದ ಈ ಕಾಗದ ಬಂತು. ಜಿಮ್ಮೇದಾರ ಮೃತನಾದ ಕಾರಣ ನಾಲ್ಕೂ ರದ್ದು. ಮನುಷ್ಯ ಸತ್ತ, ಆದ್ದರಿಂದ ಹಾಡೂ ಸತ್ತಿತು, ಆಟವೂ ಸತ್ತಿತು ಎಂಬುದು ಅವರ ಲೆಕ್ಕ. ಬೇಕಾದರೆ ಹೊಸ ಅರ್ಜಿ ಕೊಡಿ, ಹತ್ತು ದಿನ ಮೊದಲು. ಮೊದಲನೆಯದು ಫರವರ್ದಿ ನಾಲ್ಕಕ್ಕೆ. ಇವತ್ತು ಇಸಫಂದಾರ ಇಪ್ಪತ್ನಾಲ್ಕು, ಈ ತಿಂಗಳಿಗೆ ಮೂವತ್ತು — ಅವನ ಪಟ್ಟಿ ನೋಡಿಯೇ ಎಣಿಸಿದ್ದೇನೆ. ಸರಿಯಾಗಿ ಹತ್ತು ದಿನ ಉಳಿದಿವೆ. ಇವತ್ತು ಅರ್ಜಿ ಹೋಗದಿದ್ದರೆ ಮೊದಲನೆಯದು ಹೋಯಿತು. ಮೊದಲನೆಯದು ಹೋದರೆ ಉಳಿದ ಮೂರಕ್ಕೂ ಯಾರೂ ಕೈ ಎತ್ತುವುದಿಲ್ಲ, ನಿಮ್ಮನ್ನು ನಾನು ಬಲ್ಲೆ.

ಇಬ್ಬರು ಮೂವರು ದೊಡ್ಡವರು ನಿನ್ನೆ ನನ್ನ ಹತ್ತಿರ ಬಂದಿದ್ದರು. "ಮಡೆಪ್ಪಗ ಮರ್ಯಾದಿ ಕೊಟ್ಟಂಗ ಆಗ್ತದ, ಈ ವರ್ಷ ಎಲ್ಲಾ ನಿಲ್ಲಸೋಣು. ಸೂತಕದಾಗ ಡಪ್ಪು ಬಾರಸೋದು ಛಲೋ ಕಾಣಂಗಿಲ್ಲ." ಅವರೂ ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ಗುಂಡಮ್ಮ ಒಲೆಯ ಮುಂದಿಂದಲೇ ಉತ್ತರ ಕೊಟ್ಟರು: "ಲಿಂಗ ಕಟಗೊಂಡ ಮನಿಗಿ ಸೂತಕ ಎಲ್ಲಿಂದರಿ? ನಿಮಗ ಅಂಜಿಕಿ ಆದ್ರ ಅಂಜಿಕಿ ಅನ್ರಿ. ನನ್ನ ಗಂಡನ ಹೆಸರ ಮ್ಯಾಗ ಹಾಕಬ್ಯಾಡ್ರಿ." ದೊಡ್ಡವರು ಚಹಾ ಕುಡಿಯದೇ ಹೋದರು.

ಅವನ ಕೊನೆಯ ಪಟ್ಟಿ ಇದು. ಜ್ವರದಲ್ಲಿ ಬರೆದದ್ದು, ಸಾಲುಗಳು ಇಳಿಜಾರಾಗಿವೆ. ಗುಣಗಳ ಹೊರತು ಬೇರೇನೂ ಹೇಳಬಾರದಲ್ಲವೇ? ಇದೇ ಅವನ ಗುಣ. ಓದುತ್ತೇನೆ.

ಫರವರ್ದಿ ನಾಲ್ಕು, ಔರಾದ: ಹಾವಗೆಪ್ಪನ ಭಜನಾ ಮೇಳ. ಒಂಬತ್ತು, ಭಾಲ್ಕಿ: ಬಣ್ಣಗಾರ ಓಣಿಯವರ ದೊಡ್ಡಾಟ — ಹೌದು, ಅದೇ ಆಟ, ಅದೇ ರಾಜ, ಒಂದು ಮಾತೂ ಬದಲಾಯಿಸಿಲ್ಲ. ಹದಿನೈದು, ಅಷ್ಟೂರ: ಹೆಣ್ಣುಮಕ್ಕಳ ಬೀಸುವ ಹಾಡು. ಹಾಜಿರಾಬೀ ದಖನಿಯಲ್ಲಿ, ಗುಂಡಮ್ಮ ಕನ್ನಡದಲ್ಲಿ. ಬೀಸುವ ಕಲ್ಲನ್ನು ಗಾಡಿಯಲ್ಲಿ ಒಯ್ಯುತ್ತಾರೆ, ಹಿಟ್ಟು ಕಡಿಮೆ ಇದ್ದವರು ಜೋಳ ತನ್ನಿರಿ. ಇಪ್ಪತ್ತೆರಡು, ಬೀದರ, ಚೌಬಾರ: ಖಾಸಿಂ ಅಲಿಯವರ ಕವ್ವಾಲಿ, ಅದೇ ವೇದಿಕೆಯಲ್ಲಿ ಭಾಲ್ಕಿ ಶರಣರ ವಚನ ಗಾಯನ. ಬೇರೆ ಬೇರೆ ದಿನ ಇಟ್ಟುಕೊಳ್ಳಿ ಎಂದು ಮೂರು ಕಡೆಯಿಂದ ಹೇಳಿ ಕಳಿಸಿದ್ದರು. ಮಡೆಪ್ಪ ಒಂದೇ ದಿನ ಇಟ್ಟ.

ಇಗೋ ನಾಲ್ಕು ಹೊಸ ಅರ್ಜಿ. ರಾತ್ರಿಯೇ ಬರೆದಿಟ್ಟಿದ್ದೇನೆ. ಗಸ್ತಿಯನ್ನು ನಾಲ್ಕು ಸಲ ಓದಿದೆ, ಜಿಮ್ಮೇದಾರ ಒಬ್ಬನೇ ಇರಬೇಕು ಎಂದು ಎಲ್ಲೂ ಬರೆದಿಲ್ಲ. ಹಾಗಾಗಿ ಒಂದೊಂದಕ್ಕೂ ಕೆಳಗೆ ಕಾಗದ ಅಂಟಿಸಿದ್ದೇನೆ — ಹೀಗೆ, ಹಿಡಿದು ಬಿಟ್ಟರೆ ನೆಲ ಮುಟ್ಟುತ್ತದೆ. ಒಬ್ಬ ಸತ್ತರೆ ರದ್ದು ಮಾಡುತ್ತಾರಲ್ಲ? ಈ ಸಲ ರದ್ದಾಗಬೇಕಾದರೆ ಈ ಅಂಗಳದಲ್ಲಿ ಇರುವವರೆಲ್ಲ ಸಾಯಬೇಕು. ಮೂರು ದಿನ ಒಳಗೆ ಹಾಕಬೇಕಾದರೆ ಎಲ್ಲರಿಗೂ ಚಾಪೆ ಹುಡುಕಬೇಕು. ಮೊದಲ ಹೆಸರು, ನಾಲ್ಕರಲ್ಲೂ — ಜಹೀರೋದ್ದೀನ ವಲ್ದ ಫಕ್ರೋದ್ದೀನ, ಸಾಕಿನ್ ಬೀದರ. ಸ್ಪಷ್ಟ ಬರಕೊಂಡ್ರಿ ಇಲ್ಲೋ ಸಾಹೇಬ್ರ? ಅನುಮಾನ ಇದ್ದರೆ ಕಾಗದ ನೋಡಿರಿ, ನನ್ನ ಅಕ್ಷರ ನಿಮ್ಮ ಕಛೇರಿಗೆ ಪರಿಚಯ ಇದೆ.

ಏನಂದ್ರಿ ಗುಂಡಮ್ಮ? ...ಜೋರಾಗಿ ಹೇಳ್ರಿ, ಹಿಂದಿನವರಿಗೂ ಕೇಳಲಿ.

ಕೇಳಿದಿರಾ? "ಅಷ್ಟೂರದ್ದಷ್ಟೇ ಅಲ್ಲ, ನಾಲ್ಕಕ್ಕೂ ನನ್ನ ಹೆಬ್ಬಟ್ಟು ಒತ್ತಸ್ರಿ" ಅಂತಾರೆ. ಇಬ್ಬರಾದೆವು.

ಹಾವಗೆಪ್ಪ, ಕೆಮ್ಮಬೇಡ. ಭಾಲ್ಕಿಯವರೇ, ರಾಜನ ವೇಷದವನು ನಿಮ್ಮ ನಡುವೆಯೇ ಇದ್ದಾನೆ, ಮೀಸೆ ನೋಡಿದರೆ ಗೊತ್ತಾಗುತ್ತದೆ. ಅವನ ಪರವಾಗಿ ಮಡೆಪ್ಪ ಒಂದು ಸಲ ಠಾಣೆಗೆ ಹೋಗಿ ಬಂದಿದ್ದಾನೆ. ಇನ್ನು ಕಳಿಸಲು ನಮ್ಮ ಹತ್ತಿರ ಮಡೆಪ್ಪ ಇಲ್ಲ.

ಇನ್ನು ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನವಾಗಿರಬೇಕೆಂದು ಕೇಳಿಕೊಳ್ಳುತ್ತೇನೆ. ಟೋಪಿ ಇದ್ದವರು ಟೋಪಿಯಲ್ಲಿ, ರುಮಾಲಿನವರು ರುಮಾಲಿನಲ್ಲಿ, ಅವರವರ ದೇವರನ್ನು ನೆನೆದು. ಮುನ್ಷಿ ಸಾಹೇಬರೇ, ನೀವೂ ಲೇಖಣಿ ಇಟ್ಟು ಏಳಿ, ನಿಮ್ಮ ತಂದೆಯ ಜಮೀನಿನ ಅರ್ಜಿಯನ್ನೂ ಅವನೇ ಸೋಸಿ ಕೊಟ್ಟಿದ್ದ. ಮೌನ ಮುಗಿದ ಮೇಲೆ ಯಾರೂ ಕೂರಬೇಡಿ. ಮಸಿ, ಲೇಖಣಿ ಇಲ್ಲೇ ಇವೆ. ಹೆಸರು ಹಾಕಿ ನನ್ನ ಹಿಂದೆ ಬನ್ನಿ. ಕಛೇರಿ ಎದುರಿಗೇ ಇದೆ, ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ.

ಏಳಿ.